ಕಾಗೆ ಕೂತದ್ದೂ ಕೊಂಬೆ ಮುರಿದದ್ದೂ: ಲಸಿಕೆಯ ಹಾನಿಗೆ ಪರಿಹಾರ ಕೇಳುವವರ ಮುಂದಿರುವ ದಾರಿಗಳು

ಕಳೆದ ಮಳೆಗಾಲದಲ್ಲಿ ಮುಂಬೈಯ ಮಾಲಾಡಿನ ದಂಪತಿಯೊಂದು ಡೊಂಬಿವಲಿಯ ನಮ್ಮ ಮನೆಗೆ ಬಂದಿತ್ತು. ಮಡಿಲಲ್ಲಿ ಒಂದೂವರೆ ವರ್ಷದ ಮಗು, ಚೀಲದಲ್ಲಿ ಐನೂರು ರೂಪಾಯಿಯ ಛಾಪಾ ಕಾಗದ. ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ಮಗುವಿಗೆ ಲಸಿಕೆ ಹಾಕಿಸಿದ್ದರು. ಸೂಜಿ ಚುಚ್ಚಿದ್ದು ತೊಡೆಗಲ್ಲ, ಕುಂಡೆಗೆ. ಮರುದಿನದಿಂದ ಎಡಪಾದ ಜೋತುಬಿದ್ದಿದೆ. ಮೂರು ಲಕ್ಷ ಕೊಡುತ್ತೇವೆ, ಸಹಿ ಹಾಕಿ ಎಂದು ನರ್ಸಿಂಗ್ ಹೋಮಿನವರು ಕಾಗದ ಕೊಟ್ಟು ಕಳುಹಿಸಿದ್ದರು. ಕಾಗದ ಪೂರ್ತಿ ಮರಾಠಿಯಲ್ಲಿತ್ತು. ತಂದೆಗೆ ಮಾತಾಡಲು ಬರುವ ಮರಾಠಿ ಓದಲು ಬರುತ್ತಿರಲಿಲ್ಲ.

ನಾನು ವಕೀಲನಲ್ಲ. ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತಿದ್ದವನು, ಅಂದರೆ ಇಂಥ ಮೇಜಿನ ಆಚೆ ಬದಿಯಲ್ಲಿ. ಎಷ್ಟು ಕಡಿಮೆ ಕೊಟ್ಟು ಮುಗಿಸಬಹುದು ಎಂದು ಲೆಕ್ಕ ಹಾಕುವುದೇ ನನ್ನ ಅನ್ನವಾಗಿತ್ತು. ನಿವೃತ್ತಿಯ ನಂತರ ಊರಿನವರು ಕಾಗದ ಹಿಡಿದು ಬರುತ್ತಾರೆ. ಈಚೆ ಬದಿಗೆ ಕೂತು ಅದೇ ಲೆಕ್ಕವನ್ನು ತಿರುಗಿಸಿ ಹೇಳುತ್ತೇನೆ. ಅದೇ ತಿಂಗಳಲ್ಲಿ ಇನ್ನಿಬ್ಬರು ಕೇಳಿದ್ದರು. ಒಬ್ಬರು ಪುಣೆಯ ಕೋಥ್ರೂಡಿನವರು. 2021ರಲ್ಲಿ ಪಾಲಿಕೆಯ ಶಿಬಿರದಲ್ಲಿ ಕೋವಿಡ್ ಲಸಿಕೆ ಪಡೆದ ಹದಿಮೂರನೆಯ ದಿನ ಅವರ ತಾಯಿ ತೀರಿಕೊಂಡಿದ್ದರು. ಇನ್ನೊಬ್ಬ ಹಿಂಜವಡಿಯ ಹುಡುಗ, ಲಸಿಕೆಯ ಪ್ರಯೋಗಕ್ಕೆ ಸ್ವಯಂಸೇವಕನಾಗಿ ಹೋಗಿ ಆಸ್ಪತ್ರೆ ಸೇರಿದವನು. ಮೂವರ ಪ್ರಶ್ನೆಯೂ ಒಂದೇ: ರಾಜಿಯೋ, ಕೋರ್ಟೋ? ಉತ್ತರ ಮಾತ್ರ ಮೂರು.

ಮೊದಲು ಅಳತೆಗೋಲು

ದಾರಿ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದು ಇದು: ತಪ್ಪು ಲಸಿಕೆಯದೋ, ಲಸಿಕೆ ಹಾಕಿದ ಕೈಯದೋ?

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಲಸಿಕೆಯ ವ್ಯಾಜ್ಯಗಳ ಜೀವಾಳ ಅದೇ. ಕೋಟ್ಯಂತರ ಜನರಿಗೆ ಸೂಜಿ ಹಾಕಿದಾಗ, ಹೇಗಿದ್ದರೂ ಆಗಲಿದ್ದ ಹೃದಯಾಘಾತಗಳೂ ಜ್ವರಗಳೂ ಸೂಜಿಯ ಮರುದಿನವೇ ಆಗಿರುತ್ತವೆ. ಇದನ್ನು ಬೇರ್ಪಡಿಸಲೆಂದೇ ಸರ್ಕಾರಿ ಏರ್ಪಾಟು ಇದೆ. ಲಸಿಕೆಯ ನಂತರದ ಗಂಭೀರ ಘಟನೆ ವರದಿಯಾದರೆ ಜಿಲ್ಲಾ ಲಸಿಕಾಧಿಕಾರಿ ತನಿಖೆ ಮಾಡಬೇಕು. ಎಇಎಫ್‌ಐ (ಲಸಿಕೆಯ ನಂತರದ ಪ್ರತಿಕೂಲ ಘಟನೆ) ಸಮಿತಿ ಎನ್ನುವ ತಜ್ಞರ ಗುಂಪು ಅದನ್ನು ವಿಂಗಡಿಸುತ್ತದೆ. ಲಸಿಕೆಯ ಗುಣದಿಂದಲೇ ಆದದ್ದು ಎ1, ತಯಾರಿಕೆಯ ದೋಷದಿಂದ ಆದದ್ದು ಎ2, ಹಾಕುವಾಗಿನ ತಪ್ಪು ಎ3, ಸೂಜಿಯ ಭಯದಿಂದ ಆದದ್ದು ಎ4. ಬಿ ಎಂದರೆ ನಿರ್ಧರಿಸಲಾಗದ್ದು, ಸಿ ಎಂದರೆ ಕಾಕತಾಳೀಯ, ಡಿ ಎಂದರೆ ಮಾಹಿತಿ ಸಾಲದೆ ವಿಂಗಡಿಸಲಾಗದ್ದು. ನಿಮ್ಮ ಕೈಯಲ್ಲಿರುವ ಕಾಗದದ ಮೇಲೆ ಇವುಗಳಲ್ಲಿ ಯಾವ ಅಕ್ಷರ ಇದೆ ಎಂಬುದರ ಮೇಲೆ ರಾಜಿಯ ಮೇಜಿನಲ್ಲಿ ನಿಮ್ಮ ಕುರ್ಚಿಯ ಎತ್ತರ ನಿರ್ಧಾರವಾಗುತ್ತದೆ.

ಮಾಲಾಡಿನ ಮಗುವಿನದು ಎ3ರ ಜಾತಿ. ಕೂಸುಗಳಿಗೆ ಸ್ನಾಯುವಿನೊಳಗೆ ಕೊಡುವ ಲಸಿಕೆಯನ್ನು ತೊಡೆಯ ಮುಂಬದಿಯ ಹೊರಭಾಗಕ್ಕೆ ಕೊಡಬೇಕು. ಕುಂಡೆಗೆ ಕೊಟ್ಟರೆ ಕಾಲಿನ ದೊಡ್ಡ ನರಕ್ಕೆ ಸೂಜಿ ತಾಗುವ ಅಪಾಯವಿದೆ. ಇಲ್ಲಿ ಲಸಿಕೆಯನ್ನು ದೂರಬೇಕಾದ ಅಗತ್ಯವೇ ಇಲ್ಲ. ನರದ ವಹನ ಪರೀಕ್ಷೆಯ ವರದಿಯೊಂದಿದ್ದರೆ ವಾದ ಅರ್ಧ ಮುಗಿದಂತೆ. ಕೋಥ್ರೂಡಿನವರದು ಇದಕ್ಕೆ ತದ್ವಿರುದ್ಧ: ಲಸಿಕೆಯೇ ಕಾರಣ ಎಂದು ತೋರಿಸಬೇಕು, ಅದೂ ಮರಣೋತ್ತರ ಪರೀಕ್ಷೆ ಇಲ್ಲದೆ.

ಎರಡನೆಯ ಪ್ರಶ್ನೆ, ಹಣ ಕೊಟ್ಟಿದ್ದಿರೋ, ಉಚಿತವೋ? ಇದು ಕ್ಷುಲ್ಲಕವೆಂದು ಕಾಣಬಹುದು, ಆದರೆ ಗ್ರಾಹಕ ಆಯೋಗದ ಬಾಗಿಲು ಇದರ ಮೇಲೇ ತಿರುಗುತ್ತದೆ. ಮೂರನೆಯದು ಗಡುವು. ನಾಲ್ಕನೆಯದು ಎಷ್ಟು ವರ್ಷದ ಖರ್ಚು ಎಂಬುದು. ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ನಿಮಗೆ ಬೇಕಾದದ್ದು ಹಣವೋ, ಏನಾಯಿತು ಎಂಬ ಉತ್ತರವೋ? ರಾಜಿಯಲ್ಲಿ ಹಣ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ‘ಯಾವುದೇ ತಪ್ಪನ್ನು ಒಪ್ಪಿಕೊಳ್ಳದೆ’ ಎಂಬ ಸಾಲಿಲ್ಲದ ರಾಜಿಪತ್ರವನ್ನು ನನ್ನ ಸೇವಾವಧಿಯಲ್ಲಿ ನಾನು ನೋಡಿದ ನೆನಪಿಲ್ಲ.

‘ಅಮೆರಿಕದಲ್ಲಿ ಕೊಡುತ್ತಾರಂತೆ’ ಎಂದು ವಾಟ್ಸಾಪ್ ತೋರಿಸುವವರಿಗೆ ಒಂದು ಮಾತು. ಹೌದು, ಅಲ್ಲಿ 1986ರ ಕಾಯ್ದೆಯಡಿ 1988ರಿಂದ ಒಂದು ನಿಧಿ ನಡೆಯುತ್ತಿದೆ. ಲಸಿಕೆಯ ಮೇಲೆ ಅದು ತಡೆಯುವ ಪ್ರತಿ ರೋಗಕ್ಕೆ 75 ಸೆಂಟ್ ತೆರಿಗೆ ಹಾಕಿ ಅದನ್ನು ತುಂಬುತ್ತಾರೆ, ಯಾರ ತಪ್ಪೆಂದು ಸಾಬೀತು ಮಾಡಬೇಕಾಗಿಲ್ಲ. ಬ್ರಿಟನ್ನಿನಲ್ಲಿ 1979ರಿಂದ ಇದೆ, ಶೇ. 60ರಷ್ಟು ಅಂಗವೈಕಲ್ಯವಾದರೆ ಒಂದೇ ಗಂಟಿನಲ್ಲಿ 1.2 ಲಕ್ಷ ಪೌಂಡು. ನಮ್ಮಲ್ಲಿ ದಶಕಗಳಿಂದ ನಡೆದುಬಂದ ಅಂಥ ನಿಧಿ ಇಲ್ಲ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಕೋವಿಡ್ ಲಸಿಕೆಯಿಂದ ಆದ ಸಾವಿಗೆ ಸರ್ಕಾರ ಹೊಣೆಯಲ್ಲ, ಪರಿಹಾರ ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಬಹುದು ಎಂದಿತ್ತು. ಕೋವಿಡ್ ಲಸಿಕೆಯದೇ ದೂರಾದರೆ ಸುಪ್ರೀಂ ಕೋರ್ಟಿನ ಆದೇಶಗಳು ಎಲ್ಲಿಗೆ ಬಂದಿವೆ ಎಂದು ವಕೀಲರಿಂದ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ನೇರ ರಾಜಿ

ಬೇಗ ಮುಗಿಯುತ್ತದೆ, ವಕೀಲರ ಶುಲ್ಕ ಉಳಿಯುತ್ತದೆ, ಮಗುವನ್ನು ಎತ್ತಿಕೊಂಡು ತಾರೀಖಿನಿಂದ ತಾರೀಖಿಗೆ ಅಲೆಯಬೇಕಾಗಿಲ್ಲ. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಹುಟ್ಟಿದ್ದು ಕೋರ್ಟಿನ ಮೆಟ್ಟಿಲ ಮೇಲೆಯೇ ಇರಬೇಕು. ಚಿಕ್ಕ ಹಾನಿಗೆ, ಅಂದರೆ ಸೂಜಿಯ ಜಾಗದಲ್ಲಿ ಕೀವಾಗಿ ಕೊಯ್ಯಿಸಬೇಕಾಗಿ ಬಂದು ಮೂರು ವಾರಕ್ಕೆ ವಾಸಿಯಾದಂಥದ್ದಕ್ಕೆ, ನಾನು ಬೇರೆ ದಾರಿಯನ್ನು ಹೇಳುವುದೇ ಇಲ್ಲ. ಬಿಲ್ಲುಗಳ ಮೊತ್ತ, ಕಳೆದುಕೊಂಡ ಸಂಬಳ, ಮೇಲೆ ಒಂದಿಷ್ಟು ಸೇರಿಸಿ ಕೇಳಿ. ಕೊಟ್ಟರೆ ತೆಗೆದುಕೊಂಡು ಮನೆಗೆ ಹೋಗಿ.

ಹಾನಿ ಉಳಿಯುವಂಥದ್ದಾದರೆ ಲೆಕ್ಕವೇ ಬೇರೆ. ಮಾಲಾಡಿನವರ ಜೊತೆ ಕೂತು ಹಾಕಿದ ಲೆಕ್ಕ ಹೀಗಿತ್ತು. ಫಿಸಿಯೋಥೆರಪಿ, ಕಾಲಿನ ಪಟ್ಟಿ, ಬೆಳೆದಂತೆ ಬದಲಿಸಬೇಕಾದ ಬೂಟು, ತಾಯಿ ಕೆಲಸ ಬಿಟ್ಟದ್ದು, ಎಲ್ಲ ಸೇರಿ ತಿಂಗಳಿಗೆ ಹದಿನೈದು ಸಾವಿರ. ಮೂರು ಲಕ್ಷ ಇಪ್ಪತ್ತು ತಿಂಗಳಿಗೆ ಖಾಲಿ. ಆಗ ಮಗುವಿಗೆ ಮೂರು ವರ್ಷ ಎರಡು ತಿಂಗಳು. ಶೇ. 7ರ ಬಡ್ಡಿಗೆ ಠೇವಣಿಯಿಟ್ಟು ಬಡ್ಡಿಯಿಂದಲೇ ಆ ಹದಿನೈದು ಸಾವಿರ ಬರಬೇಕಾದರೆ ಸುಮಾರು 25 ಲಕ್ಷ 70 ಸಾವಿರ ಬೇಕು. ನರ ಚೇತರಿಸಿಕೊಳ್ಳಬಹುದು, ಖರ್ಚು ಇಳಿಯಬಹುದು. ಆದ್ದರಿಂದ ಅಷ್ಟನ್ನೇ ಹಟ ಹಿಡಿದು ಕೇಳಬೇಕೆಂದಲ್ಲ. ಆದರೆ ಮೂರು ಲಕ್ಷ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬುದು ಕಾಗದದ ಮೇಲೆ ಕಂಡಿತು. ಅಲ್ಲಿಯತನಕ ಅವರಿಗೆ ಮೂರು ಲಕ್ಷ ದೊಡ್ಡ ಮೊತ್ತವಾಗಿತ್ತು.

ಈಗ ಛಾಪಾ ಕಾಗದದ ಒಳಗೆ ಏನಿರುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಇಂಥ ಸಾಲುಗಳನ್ನು ಬರೆಸಿದವನು ನಾನೇ. ‘ಈಗಿನ ಮತ್ತು ಮುಂದಿನ ಎಲ್ಲ ಹಕ್ಕುಗಳ ಪೂರ್ಣ ಮತ್ತು ಅಂತಿಮ ತೀರುವಳಿ’ ಎಂದಿದ್ದರೆ ಆರು ತಿಂಗಳ ನಂತರ ಶಸ್ತ್ರಚಿಕಿತ್ಸೆ ಬೇಕೆಂದರೂ ನೀವು ಮತ್ತೆ ಕೇಳುವಂತಿಲ್ಲ. ಗೋಪ್ಯತೆಯ ಷರತ್ತಿದ್ದರೆ ಅದಕ್ಕೆ ಬೆಲೆ ಕಟ್ಟಿ. ಪುಕ್ಕಟೆಯಾಗಿ ಬಾಯಿ ಕಟ್ಟಿಸಿಕೊಳ್ಳಬೇಡಿ. ಮುಂದಿನ ವೈದ್ಯರಿಗೆ ದಾಖಲೆ ತೋರಿಸುವುದನ್ನೂ ಎಇಎಫ್‌ಐ ವರದಿ ಸಲ್ಲಿಸುವುದನ್ನೂ ಅದು ತಡೆಯಬಾರದು. ಹಣ ಯಾವ ದಿನ, ತಡವಾದರೆ ಬಡ್ಡಿ ಎಷ್ಟು ಎಂಬುದು ಬರಹದಲ್ಲಿರಲಿ. ವೈದ್ಯರಿಗೆ ವೃತ್ತಿ ವಿಮೆ ಇದ್ದರೆ ವಿಮಾ ಕಂಪನಿಯ ಒಪ್ಪಿಗೆ ಇದೆಯೇ ಎಂದು ಕೇಳಿ. ಅದಿಲ್ಲದೆ ಬರೆದುಕೊಟ್ಟ ಚೆಕ್ಕುಗಳ ತಕರಾರು ನನ್ನ ಮೇಜಿಗೇ ಬರುತ್ತಿತ್ತು.

ಮಗುವಿನ ವಿಷಯದಲ್ಲಿ ಇನ್ನೊಂದು ಗಂಟಿದೆ. ದಾವೆ ನಡೆಯುತ್ತಿರುವಾಗ ಅಪ್ರಾಪ್ತರ ಪರವಾಗಿ ಪೋಷಕರು ರಾಜಿ ಮಾಡಿಕೊಳ್ಳಲು ನ್ಯಾಯಾಲಯದ ಅನುಮತಿ ಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮ ಇದು. ಅನುಮತಿಯಿಲ್ಲದ ರಾಜಿಯನ್ನು ಮಗುವಿನ ಪರವಾಗಿ ರದ್ದು ಮಾಡಿಸಬಹುದು. ಅಡುಗೆಮನೆಯ ಮೇಜಿನ ಮೇಲೆ ಸಹಿ ಮಾಡಿದ ಕಾಗದಕ್ಕೆ ನ್ಯಾಯಾಧೀಶರ ಕಣ್ಣು ಬಿದ್ದಿರುವುದೇ ಇಲ್ಲ. ಹೀಗಾಗಿ ಎದುರು ಪಕ್ಷದ ಜಾಣ ವಕೀಲರಿಗೂ ಮೊಹರು ಬಿದ್ದ ರಾಜಿಯೇ ಬೇಕಾಗಿರುತ್ತದೆ. ಇದು ನಿಮ್ಮ ಕೈಯಲ್ಲಿರುವ ತುರುಪು.

ಮೊಹರಿನ ರಾಜಿ

ಅದನ್ನು ಪಡೆಯುವ ಅಗ್ಗದ ಸ್ಥಳ ಲೋಕ ಅದಾಲತ್, ಅಂದರೆ ರಾಜಿ ಮಾಡಿಸುವ ಜನತಾ ನ್ಯಾಯಾಲಯ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ಅಂತಿಮ ಆದೇಶಕ್ಕೆ ಸಮ; ಮೇಲ್ಮನವಿ ಇಲ್ಲ. ಹಣ ಕೊಡದಿದ್ದರೆ ನೇರವಾಗಿ ಜಾರಿ ಅರ್ಜಿ ಹಾಕಬಹುದು. ಮೇಲ್ಮನವಿ ಇಲ್ಲ ಎಂಬುದು ಎರಡು ಅಲಗಿನ ಕತ್ತಿ, ಸಂಜೆ ಐದಕ್ಕೆ ದಣಿದು ‘ಆಯಿತು’ ಎಂದದ್ದನ್ನೂ ಹಿಂತೆಗೆಯಲಾಗದು.

ಖಾಯಂ ಲೋಕ ಅದಾಲತ್ ಎಂಬುದು ಬೇರೆ. ಎರಡನ್ನೂ ಒಂದೆಂದು ತಿಳಿದವರೇ ಹೆಚ್ಚು. ಆಸ್ಪತ್ರೆ ಸೇವೆಯೂ ಅದರ ವ್ಯಾಪ್ತಿಯೊಳಗಿದೆ, ಮಿತಿ ಒಂದು ಕೋಟಿ. ರಾಜಿ ಮುರಿದುಬಿದ್ದರೆ ಅದು ತಾನೇ ತೀರ್ಪು ಕೊಡಬಲ್ಲದು. ಕೋರ್ಟಿಗೆ ಹೋಗುವ ಮೊದಲೇ ಅರ್ಜಿ ಹಾಕಬೇಕು. ಕುಂಡೆಯ ಸೂಜಿಯಂಥ ಸರಳ ತಪ್ಪಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಲಸಿಕೆಯಿಂದ ರಕ್ತ ಹೆಪ್ಪುಗಟ್ಟಿತೇ ಎಂಬಂಥ ತಜ್ಞರ ಜಗಳಕ್ಕೆ ಒಗ್ಗುವುದಿಲ್ಲ. ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ: ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಅದೇ ಕಾಯ್ದೆಯ 12ನೇ ಕಲಮಿನಲ್ಲಿ. ಮಾಲಾಡಿನ ತಂದೆ ತನ್ನ ಹೆಸರಿನಲ್ಲಿ ಅರ್ಜಿ ಹಾಕಬೇಕಾಗಿಲ್ಲ, ಮಗುವೇ ಅರ್ಜಿದಾರ.

ಗ್ರಾಹಕ ಆಯೋಗ

ಹಣ ಕೊಟ್ಟು ಖಾಸಗಿಯಲ್ಲಿ ಹಾಕಿಸಿದವರಿಗೆ ಇದೇ ರಾಜಮಾರ್ಗ. 1995ರ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವೈದ್ಯಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದಿತು; ಎಲ್ಲರಿಗೂ ಉಚಿತವಾಗಿ ಕೊಡುವ ಆಸ್ಪತ್ರೆಗಳನ್ನು ಹೊರಗಿಟ್ಟಿತು. ಕೇಸ್ ಪೇಪರಿಗೆ ಕೊಟ್ಟ ಹತ್ತು ರೂಪಾಯಿ ಲೆಕ್ಕಕ್ಕೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಕಡೆ ಮಾತ್ರ ಉಚಿತದವನೂ ಗ್ರಾಹಕನೇ. ಪಾಲಿಕೆಯ ಶಿಬಿರದಲ್ಲಿ ಲಸಿಕೆ ಪಡೆದ ಕೋಥ್ರೂಡಿನ ತಾಯಿಗೆ ಈ ಬಾಗಿಲು ಇಲ್ಲಿಯೇ ಮುಚ್ಚಿತು.

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಎರಡು ದೊಡ್ಡ ಅನುಕೂಲಗಳಿವೆ. ಯಾವ ಆಯೋಗಕ್ಕೆ ಹೋಗಬೇಕು ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ನೀವು ಕೊಟ್ಟ ಬೆಲೆಯ ಮೇಲೆ ನಿರ್ಧಾರವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಲಸಿಕೆಯ ಬಿಲ್ಲು ಎಷ್ಟೇ ಆದರೂ ಕೆಲವು ಸಾವಿರ. ಆದ್ದರಿಂದ ಮೂವತ್ತು ಲಕ್ಷ ಕೇಳಿದರೂ ಜಿಲ್ಲಾ ಆಯೋಗವೇ, ಶುಲ್ಕ ಸೊನ್ನೆ. ಎರಡನೆಯದು ಊರು ಬಿಟ್ಟು ಬಂದ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು: ದೂರುದಾರ ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಮುಂಬೈಯ ಸಂಸಾರ ಕಟ್ಟಿಟ್ಟು ಕಾರ್ಕಳಕ್ಕೆ ಮರಳಿದವರು ಉಡುಪಿಯ ಜಿಲ್ಲಾ ಆಯೋಗದಲ್ಲಿ ಸಲ್ಲಿಸಬಹುದು. ಉಪನಗರದವರು ಬಾಂದ್ರಾಕ್ಕೆ, ದಕ್ಷಿಣ ಮುಂಬೈಯವರು ಪರೇಲಿಗೆ ಎಂಬ ಅಲೆದಾಟವೂ ಆನ್‌ಲೈನ್ ಸಲ್ಲಿಕೆ ಬಂದ ಮೇಲೆ ಕಡಿಮೆಯಾಗಿದೆ.

ಗಡುವು ಎರಡು ವರ್ಷ. ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ತೀರ್ಪಿಗೆ ಕಾಯ್ದೆ ಹೇಳುವುದು ಮೂರು ತಿಂಗಳು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು. ಕಾಯ್ದೆಯ ಕ್ಯಾಲೆಂಡರ್ ಬೇರೆ, ಆಯೋಗದ್ದೇ ಬೇರೆ. ವರ್ಷಗಳ ಲೆಕ್ಕ ಇಟ್ಟುಕೊಳ್ಳಿ. ತಜ್ಞರ ಅಭಿಪ್ರಾಯ ತರುವುದು ಇನ್ನೊಂದು ಕಷ್ಟ, ಅದೇ ಉಪನಗರದ ವೈದ್ಯರು ಪಕ್ಕದವರ ವಿರುದ್ಧ ಬರೆದುಕೊಡುವುದಿಲ್ಲ. ತಪ್ಪು ಕಣ್ಣಿಗೆ ರಾಚುವಂತಿದ್ದರೆ ತಜ್ಞರು ಬೇಕೇಬೇಕೆಂದಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಸೂಜಿಯ ಜಾಗದ ತಪ್ಪಿಗೆ ನೆರವಾದೀತು. ತಯಾರಕರ ಮೇಲೂ ದೂರು ಹೂಡಬಹುದು, ತಯಾರಿಕೆಯ ದೋಷ ಅಥವಾ ಸಾಲದ ಎಚ್ಚರಿಕೆ ಎಂಬ ಆಧಾರದ ಮೇಲೆ. ಅದಕ್ಕೆ ಬ್ಯಾಚಿನ ಸಂಖ್ಯೆಯೂ ಸಮಿತಿಯ ಎ1 ಅಥವಾ ಎ2 ಕಾಗದವೂ ಇಲ್ಲದೆ ಹೋದರೆ ಬರಿಗೈಯಲ್ಲಿ ಜೇನಿಗೆ ಕೈ ಹಾಕಿದಂತೆ.

ಆಯೋಗದಲ್ಲಿ ದೂರು ಹಾಕಿದ ಮಾತ್ರಕ್ಕೆ ರಾಜಿ ತಪ್ಪಿಹೋಗುವುದಿಲ್ಲ. ಕಾಯ್ದೆಯಲ್ಲೇ ಮಧ್ಯಸ್ಥಿಕೆಯ ಕೋಶವಿದೆ. ಎರಡೂ ಕಡೆ ಒಪ್ಪಿದರೆ ಆಯೋಗವೇ ಅಲ್ಲಿಗೆ ಕಳುಹಿಸುತ್ತದೆ. ಆಚೆ ಬದಿಯಲ್ಲಿದ್ದಾಗ ನನ್ನ ಅನುಭವ: ದೂರಿಗೆ ಸಂಖ್ಯೆ ಬೀಳುವ ಮುಂಚಿನ ಮೊತ್ತಕ್ಕೂ ನಂತರದ ಮೊತ್ತಕ್ಕೂ ಯಾವಾಗಲೂ ವ್ಯತ್ಯಾಸವಿರುತ್ತಿತ್ತು.

ಸಿವಿಲ್ ದಾವೆ, ಹೈಕೋರ್ಟು, ಉಳಿದವು

ಉಚಿತ ಲಸಿಕೆಯವರಿಗೆ ಉಳಿಯುವುದು ಸಿವಿಲ್ ಕೋರ್ಟು. ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ, ಸರ್ಕಾರದ ಮೇಲಾದರೆ ಎರಡು ತಿಂಗಳ ಮುಂಗಡ ನೋಟಿಸು. ಗಾಯಕ್ಕೆ ಸಾಮಾನ್ಯವಾಗಿ ಮೂರು ವರ್ಷ, ಸಾವಿಗೆ ಎರಡು ವರ್ಷ. ಪಾಲಿಕೆ ಪ್ರತಿವಾದಿಯಾದರೆ ಅದರದೇ ಕಾಯ್ದೆಯ ಚಿಕ್ಕ ಗಡುವು ಅಡ್ಡ ಬರಬಹುದು. ಮುಂಬೈ ಪಾಲಿಕೆಯ 1888ರ ಕಾಯ್ದೆಯಲ್ಲಿ ಅದು ಆರು ತಿಂಗಳು. ಮಗುವಿನ ಗಡುವು ಹದಿನೆಂಟು ತುಂಬಿದ ಮೇಲೆ ಓಡಲು ತೊಡಗುತ್ತದೆ ಎಂದು ಕೆಲವರು ನಿಶ್ಚಿಂತೆಯಿಂದಿರುತ್ತಾರೆ. ಕಾನೂನು ಬಾಗಿಲನ್ನು ಇಪ್ಪತ್ತೊಂದರ ತನಕ ತೆರೆದಿಡುತ್ತದೆ, ನಿಜ. ಆದರೆ ವೈದ್ಯರು ದಾಖಲೆಗಳನ್ನು ಇಟ್ಟುಕೊಳ್ಳಬೇಕಾದದ್ದು ಮೂರೇ ವರ್ಷ. ಆಮೇಲೆ ತೆರೆದ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿರುತ್ತೀರಿ.

ಸಮಯದ ಅಂದಾಜು ಬೇಕೇ? ಚರ್ಮವೇ ಸುಲಿಯುವ ಕಾಯಿಲೆಯಾಗಿ, ಕೊಲ್ಕತ್ತದಿಂದ ತಂದು ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಗೆ ಸೇರಿಸಿದ ಮಹಿಳೆಯೊಬ್ಬರು 1998ರಲ್ಲಿ ತೀರಿಕೊಂಡರು. ಕೊಲ್ಕತ್ತದ ಚಿಕಿತ್ಸೆಯ ತಪ್ಪಿಗೆ ಸುಪ್ರೀಂ ಕೋರ್ಟು 5.96 ಕೋಟಿ ಮತ್ತು ಬಡ್ಡಿಯ ಪರಿಹಾರ ಕೊಟ್ಟದ್ದು 2013ರ ಅಕ್ಟೋಬರ್‌ನಲ್ಲಿ. ಅದೂ ಗ್ರಾಹಕ ಕಾನೂನಿನಡಿ, ಸ್ವತಃ ವೈದ್ಯರಾದ ಪತಿ ಬೆನ್ನು ಬಿಡದೆ ಹೋರಾಡಿದ್ದರಿಂದ.

ಸರ್ಕಾರದ ವಿರುದ್ಧ ನೇರವಾಗಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಗೆ ಕಟ್ಟುನಿಟ್ಟಾದ ಗಡುವಿಲ್ಲ, ಆದರೆ ವಿಳಂಬಕ್ಕೆ ಕಾರಣ ಕೇಳುತ್ತಾರೆ. ಸಾಕ್ಷ್ಯ ವಿಚಾರಣೆ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಸಮಿತಿಯೇ ಲಸಿಕೆ ಕಾರಣವೆಂದು ಬರೆದುಕೊಟ್ಟವರಿಗೆ ಮಾತ್ರ ಇದು ದಾರಿ. ಕೋಥ್ರೂಡಿನವರ ಲೆಕ್ಕ ನೋಡೋಣ. ಕೋವಿಡ್ ಕಾಲದ ಗಡುವನ್ನು ಸುಪ್ರೀಂ ಕೋರ್ಟು 2022ರ ಫೆಬ್ರವರಿ 28ರ ತನಕ ಬಿಟ್ಟುಕೊಟ್ಟಿತ್ತು. ಅಲ್ಲಿಂದ ಎರಡು ವರ್ಷವೆಂದರೂ 2024ರ ಮೊದಲಲ್ಲೇ ಮುಗಿಯಿತು. ಅವರಿಗೆ ನಾನು ಹೇಳಿದ್ದು, ಹಣದ ಹಿಂದೆ ಈಗ ಖರ್ಚು ಮಾಡಬೇಡಿ, ಉತ್ತರದ ಹಿಂದೆ ಹೋಗಿ ಎಂದು. ತಾಯಿಯ ಎಇಎಫ್‌ಐ ಕಡತಕ್ಕೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ, ಮೂವತ್ತು ದಿನ. ಮಹಾರಾಷ್ಟ್ರದಲ್ಲಿ 150 ಪದ ಮೀರಬಾರದು. ಕಾಗದದಲ್ಲಿ ಎ1 ಎಂದಿದ್ದರೆ ಹೈಕೋರ್ಟಿನ ವಕೀಲರನ್ನು ಕಾಣಲಿ. ಸಿ ಎಂದಿದ್ದರೆ ಅದೂ ಒಂದು ಉತ್ತರವೇ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪೊಲೀಸ್ ದೂರು ರಾಜಿಯ ಅಸ್ತ್ರವಲ್ಲ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ; ನಿರ್ಲಕ್ಷ್ಯದ ಸಾವಿನ ಮೊಕದ್ದಮೆಯನ್ನು ‘ದುಡ್ಡು ಕೊಟ್ಟರೆ ವಾಪಸು’ ಎಂದು ಬರೆದುಕೊಳ್ಳಲೂ ಬರುವುದಿಲ್ಲ. ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತು ನೋಂದಣಿ ಅಮಾನತು ಮಾಡಬಲ್ಲದು, ಒಂದು ಪೈಸೆ ಕೊಡಿಸಲಾರದು.

ಹಿಂಜವಡಿಯ ಹುಡುಗ

ಅವನ ದಾರಿ ಇವೆಲ್ಲಕ್ಕಿಂತ ನೇರ, ಅದು ಅವನಿಗೇ ಗೊತ್ತಿರಲಿಲ್ಲ. ಪ್ರಯೋಗದಲ್ಲಿ ಭಾಗವಹಿಸಿದವರಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಿವೆ. ಚಿಕಿತ್ಸೆ ಪ್ರಾಯೋಜಕರ, ಅಂದರೆ ಪ್ರಯೋಗ ಮಾಡಿಸುವ ಕಂಪನಿಯ ಖರ್ಚಿನಲ್ಲಿ. ಹಾನಿಗೆ ಪ್ರಯೋಗವೇ ಕಾರಣವೆಂದಾದರೆ ಯಾರ ನಿರ್ಲಕ್ಷ್ಯವೆಂದು ಸಾಬೀತು ಮಾಡಬೇಕಾಗಿಲ್ಲ. ಮೊತ್ತವೂ ಸೂತ್ರದಿಂದ ಬರುತ್ತದೆ: ಸಾವಿಗೆ 8 ಲಕ್ಷದ ಮೂಲಕ್ಕೆ ವಯಸ್ಸಿನ ಮತ್ತು ಅಪಾಯದ ಗುಣಕಗಳು, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಅದರ ಶೇ. 90. ಆದೇಶವಾದ ಮೂವತ್ತು ದಿನದೊಳಗೆ ಕೊಡಬೇಕು. ಸಮ್ಮತಿ ಪತ್ರದ ಪ್ರತಿ ಹುಡುಕು, ಪ್ರಯೋಗದ ಮೇಲೆ ಕಣ್ಣಿಡುವ ನೈತಿಕ ಸಮಿತಿಗೆ ಬರೆ ಎಂದೆ. ಅವನಿಗೆ ಕೋಟಿಯ ನೋಟಿಸು ಕಳುಹಿಸುವ ಹುಮ್ಮಸ್ಸಿತ್ತು. 2020ರ ನವೆಂಬರ್‌ನಲ್ಲಿ ಚೆನ್ನೈನ ಸ್ವಯಂಸೇವಕರೊಬ್ಬರು ಐದು ಕೋಟಿ ಕೇಳಿದಾಗ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಆರೋಪವನ್ನು ಅಲ್ಲಗಳೆದು, ನೂರು ಕೋಟಿಗೂ ಮೀರಿದ ಮಾನನಷ್ಟ ಕೇಳುವುದಾಗಿ ಹೇಳಿದ್ದನ್ನು ನೆನಪಿಸಿದೆ. ಸೂತ್ರದಲ್ಲಿ ಸಿಗುವುದನ್ನು ಸದ್ದಿಲ್ಲದೆ ಪಡೆಯುವುದು ಲೇಸು.

ಯಾವ ದಾರಿಯಾದರೂ ಈ ವಾರವೇ ಮಾಡಬೇಕಾದದ್ದು: ಲಸಿಕೆಯ ಕಾರ್ಡಿನಲ್ಲಿರುವ ಬ್ಯಾಚು ಸಂಖ್ಯೆಯ ಚಿತ್ರ ತೆಗೆದಿಟ್ಟುಕೊಳ್ಳಿ. ವೈದ್ಯಕೀಯ ದಾಖಲೆಗಳನ್ನು ಬರಹದಲ್ಲಿ ಕೇಳಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಘಟನೆ ವರದಿಯಾಗಿದೆಯೇ ಎಂದು ಜಿಲ್ಲಾ ಲಸಿಕಾಧಿಕಾರಿಯನ್ನು ಕೇಳಿ. ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ‘ಗೆದ್ದರೆ ಶೇ. 20 ನನಗೆ’ ಎನ್ನುವ ವಕೀಲರಿಂದ ದೂರವಿರಿ, ಅಂಥ ಒಪ್ಪಂದ ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಮಗುವಿನ ಮುಂದಿನ ಲಸಿಕೆಗಳನ್ನು ಮಾತ್ರ ನಿಲ್ಲಿಸಬೇಡಿ; ಮಾಲಾಡಿನ ತಾಯಿ ನಿಲ್ಲಿಸಿದ್ದರು, ಮಕ್ಕಳ ವೈದ್ಯರಲ್ಲಿಗೆ ಕಳುಹಿಸಿ ತೊಡೆಗೇ ಹಾಕಿಸಬೇಕಾಯಿತು.

ಆ ದಂಪತಿ ಛಾಪಾ ಕಾಗದವನ್ನು ಸಹಿಯಿಲ್ಲದೆ ಹಿಂದಿರುಗಿಸಿದರು. ಜೊತೆಗೆ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಸಿದ ಒಂದು ಪುಟ: ಹದಿನಾಲ್ಕು ಲಕ್ಷ, ಅದರಲ್ಲಿ ಹತ್ತು ಲಕ್ಷ ಮಗುವಿನ ಹೆಸರಿನ ಠೇವಣಿಗೆ, ನರದ ಶಸ್ತ್ರಚಿಕಿತ್ಸೆ ಬೇಕಾದರೆ ಅದರ ಖರ್ಚು ಬೇರೆ, ರಾಜಿ ಲೋಕ ಅದಾಲತ್ತಿನ ಮೊಹರಿನೊಂದಿಗೆ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಬಾಂದ್ರಾದ ಆಯೋಗಕ್ಕೆ ಎಂದು ಕೊನೆಯ ಸಾಲು. ಹನ್ನೊಂದನೆಯ ದಿನ ನರ್ಸಿಂಗ್ ಹೋಮಿನ ವಿಮಾ ಕಂಪನಿಯಿಂದ ಫೋನ್ ಬಂತಂತೆ, ದಾಖಲೆಗಳ ಪ್ರತಿ ಕಳುಹಿಸಿ ಎಂದು.